ದಾಂಡಿಗೆ ತಕ್ಕ ಮರ

ಚಾಮರಾಜನಗರ, ಗುಂಡ್ಲುಪೇಟೆಗಳ ಬಯಲಿನಲ್ಲಿ ಹುಡುಗರು ಆಡಿಕೊಂಡು ಬಂದ ಚಿನ್ನಿದಾಂಡಿಗೆ ಮೊಳದುದ್ದದ ದಾಂಡೊಂದು, ಎರಡೂ ತುದಿಗಳನ್ನು ಚೂಪುಗೊಳಿಸಿದ ಚಿನ್ನಿಯೊಂದು, ಇವಿಷ್ಟೇ ಪರಿಕರಗಳಾದರೂ ಮರದ ಆಯ್ಕೆಯಲ್ಲಿ ಅಡಗಿರುವ ವಿವೇಕವು ಅಲ್ಪವಾದುದಲ್ಲ. ಬಂಡೀಪುರದ ಶುಷ್ಕ ಪರ್ಣಪಾತಿ ಅರಣ್ಯದಲ್ಲಿ ವಿಪುಲವಾಗಿ ಬೆಳೆಯುವ ದಿಂಡಿಗವು ಕಾಠಿನ್ಯವನ್ನೂ, ಬಾಗಿಯೂ ಮುರಿಯದ ಸ್ಥಿತಿಸ್ಥಾಪಕತ್ವವನ್ನೂ ಒಟ್ಟಿಗೆ ಪಡೆದಿರುವುದರಿಂದಲೇ ಬಂಡಿಯ ಅಚ್ಚಿಗೂ ಕೊಡಲಿಯ ಕಾವಿಗೂ ಸಲ್ಲುತ್ತಿದ್ದಿತು. ಪೆಟ್ಟಿನ ಆಘಾತವನ್ನು ತಾಳಬೇಕಾದ ದಾಂಡಿಗೆ ಬೇಕಾದುದೂ ಅದೇ ಗುಣ. ಹೊಲದ ಬದುವಿನ ಜಾಲಿ ಗಡುಸಾದರೂ ತೂಕದ್ದು, ಎಳೆಯ ತೋಳಿಗೆ ಅದೊಂದು ಶಿಕ್ಷೆಯೇ ಸರಿ. ಕಿರುಬಿದಿರಾದರೋ ಇತರ ಬಿದಿರುಗಳಂತೆ ಪೊಳ್ಳಾಗಿರದೆ ಬಹುಮಟ್ಟಿಗೆ ಗಟ್ಟಿಯಾಗಿದ್ದು, ಹಗುರವಾಗಿ ಕೈಗೆ ಒಗ್ಗುವುದು. ಯಾವ ಮರವಾದರೂ ಎಳೆಗಳು ಉದ್ದಕ್ಕೂ ನೇರವಾಗಿ ಹರಿದಿರಬೇಕು.

ಅಮೆರಿಕೆಯ ಬೇಸ್‌ಬಾಲ್ ದಾಂಡಿಗೆ ಆಶ್ ಮರವನ್ನೂ, ಈಚೆಗೆ ಮೇಪಲ್ಲನ್ನೂ ಆರಿಸಿ ಲೇತಿನಲ್ಲಿ ಕಡೆಯುವವರ ತರ್ಕವೂ ಇದೇ. 1970ರ ದಶಕದಿಂದ ಅಲ್ಲಿನ ಕಾಲೇಜು ಪಂದ್ಯಗಳಿಗೆ ಪೊಳ್ಳು ಅಲ್ಯುಮಿನಿಯಂ, ಬಳಿಕ ಇಂಗಾಲದ ನಾರಿನ ದಾಂಡುಗಳು ಬಂದುವಾದರೂ, ಅಲ್ಲಿನ ವೃತ್ತಿಪರರ ಮೇಜರ್ ಲೀಗ್ ಇಂದಿಗೂ ಒಂದೇ ತುಂಡಿನ ಘನವಾದ ಮರವನ್ನಲ್ಲದೆ ಬೇರೊಂದನ್ನು ಒಪ್ಪಿಲ್ಲ. ಇತ್ತ ನಮ್ಮಲ್ಲಿ, 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಮರಕ್ಕೆ ಈಗ ಕೊಡಲಿ ಹಾಕುವಂತಿಲ್ಲ. ಊರೊಳಗಿನ ಹುಣಸೆಯ ಕೊಂಬೆಯೋ ಹಳೆಯ ಗುದ್ದಲಿಯ ಕಾವೋ ದಾಂಡಾಗುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.