ಬಂದೂಕಿಲ್ಲದ ಸೈನ್ಯ

ಯುದ್ಧವೆಂದೊಡನೆ ನಮಗೆ ನೆನಪಾಗುವುದು ರಣರಂಗ, ಸೇನಾನಿಗಳು, ಒಪ್ಪಂದಗಳು. ಆದರೆ ಸೈನಿಕನಿಗೂ ಹಸಿವುಂಟು, ಅವನ ಮನೆಯವರಿಗೂ ಉಂಟು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಬ್ರಿಟನ್ ತನ್ನ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರನಾಡುಗಳಿಂದ ಹಡಗುಗಳಲ್ಲಿ ತರಿಸಿಕೊಳ್ಳುತ್ತಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸತೊಡಗಿದವು. ಇತ್ತ ಹೊಲದಲ್ಲಿ ದುಡಿಯುತ್ತಿದ್ದ ತರುಣರು ಸೇನೆಗೆ ಹೊರಟರು. ಹೊಲ ಬಿತ್ತುವವರು ಯಾರೆಂಬುದೇ ದೇಶದ ಅಳಿವು ಉಳಿವಿನ ಪ್ರಶ್ನೆಯಾಯಿತು.

ಅದಕ್ಕೆ ಉತ್ತರವಾಗಿ ಬಂದುದು 'ವಿಮೆನ್ಸ್ ಲ್ಯಾಂಡ್ ಆರ್ಮಿ', ಎಂದರೆ ಮಹಿಳೆಯರ ಕೃಷಿ ಸೈನ್ಯ. 1917ರಲ್ಲಿ ಹುಟ್ಟಿ 1919ರಲ್ಲಿ ವಿಸರ್ಜನೆಗೊಂಡಿದ್ದ ಈ ಸಂಸ್ಥೆಯನ್ನು 1939ರ ಜೂನ್ ತಿಂಗಳಲ್ಲಿ ಲೇಡಿ ಡೆನ್ಮನ್ ಅವರ ನೇತೃತ್ವದಲ್ಲಿ ಮತ್ತೆ ಕಟ್ಟಲಾಯಿತು. ಸಸೆಕ್ಸ್ ಪ್ರಾಂತದ ಅವರ ಮನೆಯೇ ಅದರ ಕೇಂದ್ರ ಕಚೇರಿಯಾಯಿತು. 1943ರ ಹೊತ್ತಿಗೆ ಅದರಲ್ಲಿ 80,000ಕ್ಕೂ ಹೆಚ್ಚು ಯುವತಿಯರಿದ್ದರು.

ಇವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಲಂಡನ್ ಹಾಗೂ ಉತ್ತರ ಇಂಗ್ಲೆಂಡಿನ ಕೈಗಾರಿಕಾ ನಗರಗಳವರು. ಅಂಗಡಿ, ಕಚೇರಿ, ಗಿರಣಿಗಳಲ್ಲಿ ದುಡಿದವರು. ನಮ್ಮಲ್ಲಿ ಅನೇಕರು ಹಳ್ಳಿ ಬಿಟ್ಟು ನಗರ ಸೇರಿದೆವು, ಅವರು ನಗರ ಬಿಟ್ಟು ಹಳ್ಳಿ ಸೇರಿದರು. ಗುರುತಿಲ್ಲದ ಊರು, ಅನ್ಯರ ಮನೆಯ ಊಟ, ಮೊದಲ ದಿನಗಳ ಒಂಟಿತನ, ಇವು ಮಾತ್ರ ಇಬ್ಬರಿಗೂ ಸಮಾನವೇ. ಹಸುವಿನ ಹತ್ತಿರ ಸುಳಿಯದ ಹುಡುಗಿ ರಬ್ಬರಿನ ಕೃತಕ ಕೆಚ್ಚಲಿನಲ್ಲಿ ಹಾಲು ಕರೆಯಲು ಕಲಿಯಬೇಕಿತ್ತು. ಬೆಳಕು ಹರಿಯುವ ಮುನ್ನ ಕೊಟ್ಟಿಗೆ, ಆಮೇಲೆ ಹೊಲ. ಚಳಿಗಾಲದ ಕೆಸರಿನಲ್ಲಿ ಗೆಡ್ಡೆ ಕೀಳುವುದು, ಒಕ್ಕಣೆ ಯಂತ್ರದ ಧೂಳು ನುಂಗುವುದು, ಇಲಿ ಹಿಡಿಯುವುದು, ಟ್ರ್ಯಾಕ್ಟರ್ ಓಡಿಸುವುದು, ಎಲ್ಲಕ್ಕೂ ಸಿದ್ಧಳಾಗಬೇಕಿತ್ತು. ಹಸಿರು ಜರ್ಸಿ, ಕಂದು ಷರಾಯಿ ತೊಟ್ಟ ಈ ಪೇಟೆಯ ಹುಡುಗಿಯರನ್ನು ಕಂಡು ಮೊದಮೊದಲು ನಕ್ಕ ರೈತರೂ ಇದ್ದರು. ಕೆಲಸ ಕಂಡ ಮೇಲೆ ಅನೇಕರ ನಗು ನಿಂತಿತು.

ಸಂಬಳವೋ? ಆರಂಭದಲ್ಲಿ ಹದಿನೆಂಟು ದಾಟಿದವಳಿಗೆ ವಾರಕ್ಕೆ 28 ಷಿಲಿಂಗ್. ಅದರಲ್ಲಿ ಅರ್ಧ, ಅಂದರೆ 14 ಷಿಲಿಂಗ್, ಊಟ ವಸತಿಗೇ ಮುರಿದುಹೋಗುತ್ತಿತ್ತು. ಅದೇ ಹೊಲದಲ್ಲಿ ಗಂಡಸಿಗೆ ಇದಕ್ಕಿಂತ ಹೆಚ್ಚಿತ್ತು. ಹೆಸರಿಗೆ ಸೈನ್ಯವಾದರೂ ಸೈನಿಕರ ಸವಲತ್ತುಗಳಿಗೆ ಇವರು ಬಾಧ್ಯರಾಗಲಿಲ್ಲ. ಯುದ್ಧಾನಂತರದ ಸೌಲಭ್ಯಗಳಿಂದ ತಮ್ಮ ಹುಡುಗಿಯರನ್ನು ಸರ್ಕಾರ ಹೊರಗಿಟ್ಟದ್ದನ್ನು ಪ್ರತಿಭಟಿಸಿ ಲೇಡಿ ಡೆನ್ಮನ್ 1945ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟರು. ಯುದ್ಧ ಮುಗಿದರೂ ಆಹಾರದ ಅಭಾವ ಮುಗಿಯದ ಕಾರಣ, ಸೈನ್ಯ 1950ರವರೆಗೂ ದುಡಿಯಿತು.

ಇವರ ಸೇವೆಯನ್ನು ನೆನೆದು ಬ್ರಿಟಿಷ್ ಸರ್ಕಾರ ಗೌರವದ ಬಿಲ್ಲೆಯೊಂದನ್ನು ಕೊಟ್ಟದ್ದು 2008ರಲ್ಲಿ. 1943ರಲ್ಲಿ ಹದಿನೆಂಟರ ಹರೆಯದಲ್ಲಿದ್ದವಳಿಗೆ ಆಗ ಎಂಬತ್ತಮೂರು. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ತೀರಿಕೊಂಡಿದ್ದರು. ಅನ್ನ ಬೆಳೆದ ಕೈಗಳನ್ನು ಉಂಡವರು ಮರೆಯುವುದು ಯಾವುದೋ ಒಂದು ದೇಶದ ಕಥೆ ಮಾತ್ರವಲ್ಲ. ನಮ್ಮ ಊರುಗಳಲ್ಲಿಯೂ ನಾಟಿ, ಕಳೆ, ಕೊಯ್ಲುಗಳಲ್ಲಿ ಬಗ್ಗಿದ ಬೆನ್ನು ಹೆಚ್ಚಾಗಿ ಹೆಣ್ಣಿನದೇ. ಆದರೂ ರೈತ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಗಂಡಸಿನ ಚಿತ್ರ. ಊರಿಗೆ ಹೋದಾಗ ನಮ್ಮ ಅಜ್ಜಿಯರನ್ನು, ಅತ್ತೆಯರನ್ನು ಕೂರಿಸಿ ಅವರ ದುಡಿಮೆಯ ಕಥೆ ಕೇಳೋಣ, ಮಕ್ಕಳಿಗೂ ಕೇಳಿಸೋಣ. ಅದಕ್ಕೆ ಅರುವತ್ತು ವರ್ಷ ಕಾಯಬೇಕಾಗಿಲ್ಲ.