ಹೊಸಬರನ್ನು ಬರಮಾಡಿಕೊಂಡ ಬಗೆ: ಒಂದು ಹಿನ್ನೋಟ

ಶತಮಾನೋತ್ಸವವೆಂದರೆ ಕಟ್ಟಡದ, ಗೋಪುರದ, ಗಂಟೆಯ ಸ್ಮರಣೆಯಷ್ಟೇ ಅಲ್ಲ; ದೇವಾಲಯದ ಬಾಗಿಲನ್ನು ಅಂಜುತ್ತ ಅಳುಕುತ್ತ ಮೊದಲ ಸಲ ದಾಟಿ ಬಂದವರ ಸ್ಮರಣೆಯೂ ಹೌದು. ಇಂದು ಹಳಬರೆನಿಸಿಕೊಳ್ಳುವ ನಾವೆಲ್ಲರೂ ಯಾವುದೋ ಒಂದು ತಲೆಮಾರಿನಲ್ಲಿ ಹೊಸಬರೇ. ಬಲಸಮುದ್ರದಂತಹ ಊರಿನ ಹೆಸರಿನಲ್ಲಿ 'ಸಮುದ್ರ'ವೆಂದರೆ ಕೆರೆ. ಹರಿದು ಬಂದ ನೀರನ್ನು ನಿಲ್ಲಿಸಿಕೊಂಡರೆ ಮಾತ್ರ ಅದು ಕೆರೆ. ಧರ್ಮಕೇಂದ್ರಕ್ಕೂ ಈ ಮಾತು ಸಲ್ಲುತ್ತದೆ.

ಮೈಸೂರು ಸೀಮೆಯಲ್ಲಿ ಈ ಕಾರ್ಯದ ಮೊದಲ ಹೆಜ್ಜೆಗಳನ್ನಿಟ್ಟವರಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಪ್ರಮುಖರು. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಅವರು ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶಕ್ಕೆ ತೊಡಗಿದರು. ಬರುವವನ ಭಾಷೆಯನ್ನು ಕಲಿಯುವುದೇ ಸ್ವಾಗತದ ಮೊದಲ ಪಾಠವೆಂಬುದನ್ನು ಅವರು ಅರಿತಿದ್ದರು.

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ, ಚದರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವ ಹೊಣೆ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರ ಮೇಲೆ ಬಿತ್ತು. ಅವರು ಮಂತ್ರಜಪವೊಂದನ್ನೇ ನೆಚ್ಚಿ ಕೂರಲಿಲ್ಲ. ಹಾಸನದ ಬಳಿ ನೆಲವಿಲ್ಲದವರಿಗಾಗಿ ಬೇಸಾಯದ ನೆಲೆಯನ್ನು ಕಲ್ಪಿಸಿದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಆದರೂ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಈ ನಾಡಿನಲ್ಲಿ ಮತಪ್ರಸಾರಕ್ಕೆ ಭವಿಷ್ಯವಿಲ್ಲವೆಂದು ನಿರಾಶೆಯಿಂದ ಬರೆದರು. ಅವರ ನಿರಾಶೆ ಪುಸ್ತಕದಲ್ಲಿ ಉಳಿಯಿತು. ಅವರು ನೆಲೆಗೊಳಿಸಿದ ಊರಿನಲ್ಲಿ ವಿಶ್ವಾಸ ಉಳಿಯಿತು.

ನಮ್ಮ ಬಯಲುಸೀಮೆಯ ನೆನಪಿನಲ್ಲಿ ಅಳಿಯದೆ ಉಳಿದುದು 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಿಷನರಿಗಳು ಅನಾಥ ಮಕ್ಕಳನ್ನು ಕಲೆಹಾಕಿ ಸಾಕಿದರು. ಬೆಂಗಳೂರಿನ ಸುತ್ತಲಿನ ಸಿಲುವೆಪುರ, ಮರಿಯಾಪುರಗಳಂತಹ ಬೇಸಾಯದ ಹಳ್ಳಿಗಳು ಅವರಿಗಾಗಿ ಹುಟ್ಟಿಕೊಂಡವು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. 'ಗಂಜಿಗಾಗಿ ಸೇರಿದವರು' ಎಂಬ ಚುಚ್ಚುಮಾತು ಇಂತಹ ಬಡವರನ್ನು ಬಹುಕಾಲ ಬೆನ್ನಟ್ಟಿತು. ದಕ್ಷಿಣ ಭಾರತದ ಹಲವು ದೇವಾಲಯಗಳಲ್ಲಿ ಜಾತಿಗೊಂದು ಸಾಲು ಇದ್ದುದೂ ಸುಳ್ಳಲ್ಲ. ದೀಕ್ಷಾಸ್ನಾನವನ್ನು ಕೊಟ್ಟ ಕೈಗಳೇ ಪಂಕ್ತಿಯಲ್ಲಿ ದೂರ ಕೂರಿಸಿದರೆ, ಬಂದವನು ಒಳಗೆ ಬಂದಂತಾಯಿತೆ? ಹಸಿದು ಬಂದವನ ವಿಶ್ವಾಸವನ್ನು ಶಂಕಿಸುವ ಮುನ್ನ, ಉಂಡು ಕುಳಿತವರು ತಮ್ಮ ವಿಶ್ವಾಸವನ್ನು ಪರೀಕ್ಷಿಸಿಕೊಳ್ಳುವುದು ಒಳಿತು.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಈ ವಿಷಯದಲ್ಲಿ ಸ್ಪಷ್ಟವಾದ ಮಾತುಗಳನ್ನಾಡಿತು: ಯಾರನ್ನೂ ಬಲವಂತದಿಂದಾಗಲಿ ಆಮಿಷದಿಂದಾಗಲಿ ವಿಶ್ವಾಸಕ್ಕೆ ಎಳೆಯಬಾರದು, ದೀಕ್ಷಾರ್ಥಿಗಳ ಹೊಣೆ ಗುರುಗಳದೂ ಉಪದೇಶಿಗಳದೂ ಮಾತ್ರವಲ್ಲ, ಇಡೀ ವಿಶ್ವಾಸಿಗಳ ಸಮುದಾಯದ್ದು. 1972ರಲ್ಲಿ ಪ್ರಕಟವಾದ ವಯಸ್ಕರ ದೀಕ್ಷಾವಿಧಿಯು ಪುರಾತನ ಕ್ರಮವನ್ನು ಮರಳಿ ತಂದಿತು. ವಿಚಾರಿಸುವ ಕಾಲ, ಕಲಿಯುವ ಕಾಲ, ತಪಸ್ಸುಕಾಲದ ಅಂತರಂಗ ಶುದ್ಧಿ, ಪಾಸ್ಖ ಜಾಗರಣೆಯ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ. ಆ ಬಳಿಕವೂ ಜೊತೆಗೆ ನಡೆಯುವ ಕಾಲ. ಅವಸರಕ್ಕೆ ಅಲ್ಲಿ ಎಡೆಯಿಲ್ಲ.

ಹೊಸಬರೆಂದರೆ ದೀಕ್ಷಾರ್ಥಿಗಳು ಮಾತ್ರವೂ ಅಲ್ಲ. ವರ್ಗವಾಗಿ ಬಂದ ಉಪಾಧ್ಯಾಯರು, ಮದುವೆಯಾಗಿ ಬಂದ ಸೊಸೆ, ಕೂಲಿಯನ್ನರಸಿ ಬಂದ ಕುಟುಂಬ, ಇವರೂ ಹೊಸಬರೇ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇವರ ಹೆಸರನ್ನು ಕೇಳಿ, ಮನೆಗೆ ಕರೆದು, ಹಬ್ಬದ ಕೆಲಸದಲ್ಲಿ ಪಾಲು ಕೊಡುವವರು ಯಾರು? ನೂರು ವರ್ಷಗಳ ನಂತರ ಈ ಚರಿತ್ರೆಯನ್ನು ಬರೆಯುವವರು ನಮ್ಮ ಗೋಪುರದ ಎತ್ತರವನ್ನು ಅಳೆಯಬಹುದು. ಆದರೆ ದೇವರು ಕೇಳುವುದು ಬಾಗಿಲಿನ ಅಗಲವನ್ನು. ಆ ಬಾಗಿಲನ್ನು ತೆರೆದಿಡುವ ಕೃಪೆಯನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.