ಗಾಯದ ರುಜುವಾತು

ಇಂದು ನಾನು ಹೇಳಹೊರಟಿರುವುದು ಯುದ್ಧದ ಇತಿಹಾಸವಲ್ಲ. ಯುದ್ಧ ಮುಗಿದ ಮೇಲೆ ಬರೆಯುವ ಅರ್ಜಿಯ ಇತಿಹಾಸ. ಅದರ ಪರಿಚಯ ನನಗಾದುದು ಗ್ರಂಥಗಳಿಂದಲ್ಲ, ನಮ್ಮ ಮನೆಯ ಜಗಲಿಯ ಮೇಲೆ.

1969ರಲ್ಲಿ ನಾನು ಮದ್ದೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ಹೋಗುತ್ತಿದ್ದೆ. ನನ್ನ ಚಿಕ್ಕಪ್ಪ ಫಿರಂಗಿ ದಳದ ಸಿಪಾಯಿಯಾಗಿ 1965ರ ಯುದ್ಧದಲ್ಲಿ ಪಂಜಾಬಿನ ಗಡಿಯಲ್ಲಿದ್ದವರು. ಹಗಲಿರುಳು ಫಿರಂಗಿಯ ಮಗ್ಗುಲಲ್ಲಿ ನಿಂತು ಅವರ ಎರಡು ಕಿವಿಗಳೂ ಮಂದವಾದವು. ಮೂರು ವರ್ಷಗಳ ತರುವಾಯ ವೈದ್ಯಕೀಯ ಮಂಡಳಿಯೊಂದು ಅವರನ್ನು ಸೇವೆಗೆ ಅನರ್ಹರೆಂದು ಮನೆಗೆ ಕಳುಹಿಸಿತು. ಬಂದ ಕಾಗದದಲ್ಲಿ ಎರಡು ಸಂಗತಿಗಳಿದ್ದವು: ಈ ದೋಷವು ಸೇನಾ ಸೇವೆಯಿಂದ ಉಂಟಾದುದಲ್ಲ, ಅದರ ಪ್ರಮಾಣ ನೂರಕ್ಕೆ 15. ಹೀಗಾಗಿ ಅಂಗವೈಕಲ್ಯ ಪಿಂಚಣಿಗೆ ಅವರು ಅರ್ಹರಲ್ಲ.

ಮನೆಯಲ್ಲಿ ಇಂಗ್ಲಿಷು ಬಲ್ಲವನೆಂದರೆ ನಾನೊಬ್ಬನೇ. ಮೇಲ್ಮನವಿ ಬರೆಯುವ ಗುಮಾಸ್ತಗಿರಿ ನನ್ನ ಪಾಲಿಗೆ ಬಂತು. ಮೇಷ್ಟರು ಕಲಿಸಿದ್ದ ಅರ್ಜಿಯ ಮಾದರಿಯಲ್ಲಿ ಮೊದಲ ವಾಕ್ಯವೇ ‘ಬೇಡಿಕೊಳ್ಳುತ್ತೇನೆ’ ಎಂದು ಆರಂಭವಾಗುತ್ತಿತ್ತು. ಕೊನೆಗೆ ‘ತಮ್ಮ ವಿಧೇಯ ಸೇವಕ’. ರುಜುವಾತು ಏನು ಕೊಡೋಣವೆಂದು ನಾನು ಕಿವಿಯ ಬಳಿ ಕೂಗಿ ಕೇಳಿದಾಗ ಚಿಕ್ಕಪ್ಪ ಹೇಳಿದ್ದು ಇಂದಿಗೂ ನೆನಪಿದೆ: “ರುಜುವಾತು ನಾನೆಲ್ಲಿಂದ ತರ್ಲಿ ಮಗ? ಆ ಸದ್ದು ನನ್ನೊಬ್ಬನಿಗೇ ಕೇಳಿಸ್ತಾ? ದಳದೋರೆಲ್ಲ ಅಲ್ಲೇ ಇದ್ರಲ್ಲ, ಅವರನ್ನೇ ಕೇಳ್ಲಿ.”

ಗಾಯಕ್ಕೆ ಸಾಕ್ಷಿ ಹೇಳಬೇಕಾದವರು ಯಾರು? ಗಾಯಗೊಂಡವನೋ, ಅವನನ್ನು ರಣರಂಗಕ್ಕೆ ಕಳುಹಿಸಿದವರೋ? ಈ ಒಂದು ಪ್ರಶ್ನೆಯ ಸುತ್ತಲೇ ಸೈನಿಕನ ಪಿಂಚಣಿಯ ಇತಿಹಾಸವೆಲ್ಲ ಹೆಣೆದುಕೊಂಡಿದೆ.

ನಮ್ಮ ತಾಲ್ಲೂಕಿನದೇ ಆದ ಆತಕೂರಿನ ಶಾಸನವನ್ನು ನೋಡಿ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದು 949ರ ಸುಮಾರಿಗೆ. ಆ ಯುದ್ಧದಲ್ಲಿ ಬೂತುಗನ ಸೇವಕ ಮಣಲೆರನು ಶೌರ್ಯ ತೋರಿದನು. ಮೆಚ್ಚಿದ ಕೃಷ್ಣನು ಬೇಕಾದುದನ್ನು ಕೇಳೆಂದಾಗ ಅವನು ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಬೂತುಗನು ಆತಕೂರು ಹನ್ನೆರಡನ್ನು ಅವನಿಗೆ ‘ಬಾಳ್ಗಳ್ಚು’ ಆಗಿ ಕೊಟ್ಟನು. ಬಾಳ್ಗಳ್ಚು ಎಂದರೆ ನೆತ್ತರಾದ ಕತ್ತಿಯನ್ನು ತೊಳೆದು ಕೊಡುವ ಉಂಬಳಿ. ಹೋರಾಡಿ ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ಅಲ್ಲಿ ಅರ್ಜಿಯಿಲ್ಲ, ಶೇಕಡಾವಾರು ಲೆಕ್ಕವಿಲ್ಲ. ಒಡೆಯನು ಕಣ್ಣಾರೆ ಕಂಡದ್ದೇ ಸಾಕ್ಷಿ.

ಆದರೆ ಆ ಕಾಲವನ್ನು ನಾವು ಅತಿಯಾಗಿ ಕೊಂಡಾಡಬಾರದು. ಒಡೆಯನ ಕಣ್ಣಿಗೆ ಬೀಳದವನ ಗತಿಯೇನಾಯಿತೆಂದು ಯಾವ ಶಾಸನವೂ ಹೇಳುವುದಿಲ್ಲ. ಅದು ಕೃಪೆಯೇ ಹೊರತು ಹಕ್ಕಲ್ಲ.

ಕಾನೂನು ಈ ವಿಷಯಕ್ಕೆ ಕೈಹಾಕಿದಾಗ ಕಾಗದವೂ ಅದರ ಹಿಂದೆಯೇ ಬಂತು. ನಮ್ಮ ಸೇನಾ ಪಿಂಚಣಿಯ ಪದ್ಧತಿ ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದುದಾದ್ದರಿಂದ ಅತ್ತ ಒಮ್ಮೆ ನೋಡಬೇಕು. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1593ರಲ್ಲಿ, ಅಲ್ಲಿಯ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತು. ಅಂಗಹೀನರಾದ ಸೈನಿಕರಿಗೂ ನಾವಿಕರಿಗೂ ಪ್ಯಾರಿಷ್‌ಗಳ ಮೇಲೆ ತೆರಿಗೆ ಹಾಕಿ ಜೀವನಾಂಶ ಕೊಡಬೇಕೆಂದು ಅದು ವಿಧಿಸಿತು. ಆದರೆ ಸೈನಿಕನು ತನ್ನ ಮೇಲಧಿಕಾರಿಯಿಂದ ಪ್ರಮಾಣಪತ್ರವನ್ನು ತರಬೇಕಾಗಿತ್ತು. ಗಾಯದ ಜೊತೆಗೆ ಗಾಯದ ಪತ್ರವೂ ಬೇಕು ಎಂಬ ನಿಯಮ ಆಗಲೇ ಬೇರೂರಿತು. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೈನ್ಯದ ಅಶಕ್ತರಿಗಾಗಿ 1770ರಲ್ಲಿ ಕ್ಲೈವ್ ನಿಧಿಯನ್ನು ಸ್ಥಾಪಿಸಿತು. ಅದಕ್ಕೆ ಮೂಲಧನ ಬಂಗಾಳದ ಮೀರ್ ಜಾಫರನು ಕ್ಲೈವನಿಗೆ ಬಿಟ್ಟುಹೋದ ಐದು ಲಕ್ಷ ರೂಪಾಯಿ. ಆ ಶತಮಾನದ ಕೊನೆಯ ವೇಳೆಗೆ ಅಶಕ್ತರಾದ ದೇಶೀಯ ಸಿಪಾಯಿಗಳನ್ನು ಬಿಹಾರದಲ್ಲಿ ಭೂಮಿ ಕೊಟ್ಟು ನೆಲೆಗೊಳಿಸುವ ಏರ್ಪಾಡೂ ನಡೆಯಿತು.

ಮೊದಲನೆಯ ಮಹಾಯುದ್ಧವು ಈ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. ಗಾಯಾಳುಗಳ ಸಂಖ್ಯೆ ಲಕ್ಷಗಟ್ಟಲೆಯಾದಾಗ ಬ್ರಿಟನ್ನಿನಲ್ಲಿ ಪಿಂಚಣಿಗೆಂದೇ ಒಂದು ಮಂತ್ರಾಲಯ ಬಂದಿತು. ಮನುಷ್ಯನ ಅವಯವಗಳಿಗೆ ಶೇಕಡಾವಾರು ಬೆಲೆ ಕಟ್ಟಿದ ಪಟ್ಟಿ ಸಿದ್ಧವಾಯಿತು: ಎರಡು ಅಂಗ ಹೋದರೆ ನೂರಕ್ಕೆ ನೂರು, ಎರಡು ಬೆರಳು ಹೋದರೆ 20. ‘ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ’ ಎಂಬ ಎರಡು ಮಾತುಗಳು ನೆಲೆಗೊಂಡದ್ದೂ ಆ ಕಾಲದಲ್ಲಿಯೇ. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಮತ್ತು ನಮ್ಮ ಮೈಸೂರಿನ ಅಶ್ವದಳಗಳು ಹೈಫಾ ನಗರವನ್ನು ಗೆದ್ದವು. ಅಂದು ಮಡಿದವರು 8 ಮಂದಿ, ಗಾಯಗೊಂಡವರು 34. ಮೈಸೂರು ದಳದಲ್ಲಿ ಮಡಿದವರ ನೆನಪಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ಗಾಯಗೊಂಡವನಿಗೆ ಸಾಮಾನ್ಯವಾಗಿ ಕಲ್ಲು ದೊರೆಯುವುದಿಲ್ಲ. ಅವನ ಪಾಲಿಗೆ ದೊರೆಯುವುದು ಕಡತ.

ರುಜುವಾತಿನ ಭಾರವನ್ನು ಸೈನಿಕನೇ ಹೊರಬೇಕೆಂಬುದು ಅನ್ಯಾಯವೆಂದು ಬ್ರಿಟನ್ನಿಗೆ ಮನವರಿಕೆಯಾಗಲು ಎರಡನೆಯ ಮಹಾಯುದ್ಧ ಬರಬೇಕಾಯಿತು. 1943ರಲ್ಲಿ ಅಲ್ಲಿ ಆ ಹೊಣೆಯನ್ನು ಅರ್ಜಿದಾರನಿಂದ ತೆಗೆದು ಸರ್ಕಾರದ ಮೇಲೆ ಹಾಕಲಾಯಿತು.

ಸ್ವತಂತ್ರ ಭಾರತದ ಭೂಸೇನೆಗೆ 1961ರ ಪಿಂಚಣಿ ನಿಯಮಾವಳಿ ಬಂದಿತು. ಅದರ 173ನೆಯ ನಿಯಮವು ಎರಡು ಬಾಗಿಲುಗಳನ್ನು ಇಟ್ಟಿತು. ದೋಷವು ಸೇವೆಯಿಂದ ಉಂಟಾಗಿರಬೇಕು ಅಥವಾ ಉಲ್ಬಣಿಸಿರಬೇಕು. ಅದರ ಪ್ರಮಾಣ ಶೇಕಡಾ 20ಕ್ಕೆ ಕಡಿಮೆಯಿರಬಾರದು. ನನ್ನ ಚಿಕ್ಕಪ್ಪ ಎರಡು ಬಾಗಿಲುಗಳಲ್ಲೂ ಹೊರಗುಳಿದರು. ಮುಂದೆ 1982ರ ಅರ್ಹತಾ ನಿಯಮಗಳು ಬಂದವು. ಅವು ಉದಾರವಾಗಿಯೇ ಇದ್ದವು. ಅರ್ಹತೆಯನ್ನು ಸಿದ್ಧಪಡಿಸುವಂತೆ ಅರ್ಜಿದಾರನನ್ನು ಕೇಳತಕ್ಕದ್ದಲ್ಲ, ಸಮಂಜಸವಾದ ಸಂದೇಹವಿದ್ದರೆ ಅದರ ಲಾಭ ಅವನಿಗೇ ಸಲ್ಲಬೇಕು ಎಂದು ಸ್ಪಷ್ಟವಾಗಿ ಬರೆಯಲಾಗಿತ್ತು. ನಿಯಮವು ಪುಸ್ತಕದಲ್ಲಿತ್ತು, ‘ಸೇವೆಗೆ ಸಂಬಂಧಿಸಿದ್ದಲ್ಲ’ ಎಂಬ ಒಂದು ಸಾಲಿನ ಉತ್ತರಗಳು ಮಾತ್ರ ಹಳ್ಳಿಗಳಿಗೆ ಬರುತ್ತಲೇ ಇದ್ದವು.

ಆ ನಿಯಮಕ್ಕೆ ಜೀವ ಬಂದದ್ದು ಒಬ್ಬ ಸಾಮಾನ್ಯ ಸಿಪಾಯಿಯ ಹಟದಿಂದ. ಆತನು 1985ರಲ್ಲಿ ಸಿಗ್ನಲ್ಸ್ ದಳವನ್ನು ಸೇರಿದವನು. 1994ರಲ್ಲಿ ಮೂರ್ಛೆರೋಗದ ಕಾರಣ, ಶೇಕಡಾ 20ರ ದೋಷವೆಂದು, ಸೇವೆಯಿಂದ ಹೊರಗೆ ಬಂದನು. ರೋಗವು ಸೇವೆಗೆ ಸಂಬಂಧಿಸಿದ್ದಲ್ಲವೆಂದು ಪಿಂಚಣಿಯನ್ನು ನಿರಾಕರಿಸಲಾಯಿತು. 19 ವರ್ಷಗಳ ನಂತರ, 2013ರ ಜುಲೈನಲ್ಲಿ, ಸರ್ವೋಚ್ಚ ನ್ಯಾಯಾಲಯವು ಅವನ ಪರವಾಗಿ ತೀರ್ಪಿತ್ತಿತು. ತರ್ಕ ಬಹು ಸರಳ: ಸೇನೆಗೆ ಸೇರಿಸಿಕೊಳ್ಳುವಾಗ ನೀವೇ ಇವನನ್ನು ಪರೀಕ್ಷಿಸಿದಿರಿ, ಆಗ ರೋಗವಿದೆಯೆಂದು ಬರೆದುಕೊಂಡಿಲ್ಲ, ಆದಕಾರಣ ಇವನು ಆರೋಗ್ಯವಂತನಾಗಿಯೇ ಒಳಗೆ ಬಂದನೆಂದು ತಿಳಿಯಬೇಕು. ರೋಗವು ಸೇವೆಯಿಂದ ಬಂದುದಲ್ಲವೆನ್ನುವುದಾದರೆ ಕಾರಣಸಹಿತವಾಗಿ ತೋರಿಸಬೇಕಾದ ಹೊಣೆ ನಿಮ್ಮದು, ಇವನದಲ್ಲ. 2014ರಲ್ಲಿ ಮತ್ತೊಂದು ತೀರ್ಪು ಬಂತು. ದೋಷದ ಕಾರಣದಿಂದಲೇ ಒಬ್ಬನನ್ನು ಸೇನೆಯಿಂದ ಹೊರಗೆ ಕಳುಹಿಸಿದ ಮೇಲೆ ಆ ದೋಷವು ಶೇಕಡಾ 20ನ್ನು ಮೀರಿದ್ದೆಂದೇ ಭಾವಿಸಬೇಕೆಂದು ಅದು ಹೇಳಿತು. ಕೆಲಸಕ್ಕೆ ಬಾರದವನೆನ್ನುವಷ್ಟು ದೊಡ್ಡದು, ಪಿಂಚಣಿಗೆ ಸಾಲದೆನ್ನುವಷ್ಟು ಚಿಕ್ಕದು, ಹೀಗೆ ಒಂದೇ ಗಾಯಕ್ಕೆ ಎರಡು ಅಳತೆ ಸಲ್ಲದು.

ಈ ಎರಡು ತೀರ್ಪುಗಳನ್ನು ಓದಿದಾಗ ನನಗೆ ಜಗಲಿಯ ಮೇಲಿನ ಆ ಮಾತು ನೆನಪಾಯಿತು. ಅಕ್ಷರ ಬಾರದ ಚಿಕ್ಕಪ್ಪ 1969ರಲ್ಲಿ ಕೇಳಿದ್ದೂ ಇದನ್ನೇ ಅಲ್ಲವೇ? ಅಂದು ನಾನು ಆ ಮಾತನ್ನು ಅರ್ಜಿಯಲ್ಲಿ ಬರೆಯಲಿಲ್ಲ. ಅದು ಮರ್ಯಾದೆಯ ಮಾತಲ್ಲವೆಂದು ತೋರಿತ್ತು. ಅದರ ಬದಲು ಮೇಷ್ಟರು ಕಲಿಸಿದಂತೆ ಬೇಡಿಕೊಂಡಿದ್ದೆ. ಹಕ್ಕನ್ನು ಭಿಕ್ಷೆಯ ಭಾಷೆಯಲ್ಲಿ ಕೇಳಿದವನು ನಾನು. ಅವರು 2006ರಲ್ಲಿ ತೀರಿಕೊಂಡರು, ಚಿಕ್ಕಮ್ಮ 2011ರಲ್ಲಿ. ಹೊಣೆ ಯಾರದೆಂದು ನ್ಯಾಯಾಲಯ ಹೇಳುವ ವೇಳೆಗೆ ನಮ್ಮ ಮನೆಯಲ್ಲಿ ಕೇಳುವವರೇ ಉಳಿದಿರಲಿಲ್ಲ.

ವಿವಾದ ಇಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಸರ್ಕಾರವು ಹೊಸ ಅರ್ಹತಾ ನಿಯಮಗಳನ್ನು ಹೊರಡಿಸಿತು. ಅವುಗಳ ಬಗೆಗೂ ವಾದವಿವಾದಗಳು ಎದ್ದವು. ದುರುಪಯೋಗವನ್ನು ತಡೆಯಬೇಕೆಂಬ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಸುಳ್ಳನೊಬ್ಬನನ್ನು ತಡೆಯಲು ಹೋಗಿ ನಿಜವಾದ ಕಿವುಡನೊಬ್ಬನನ್ನು ಸುಳ್ಳನೆಂದರೆ, ಆ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ನಿಮ್ಮ ಊರಿನಲ್ಲಿಯೂ ಇಂಥ ಒಬ್ಬ ಹಳೆಯ ಸಿಪಾಯಿ ಇರಬಹುದು. ಅವನ ಪೆಟ್ಟಿಗೆಯಲ್ಲಿ ಬಿಡುಗಡೆಯ ಪುಸ್ತಕವೂ ವೈದ್ಯಕೀಯ ಮಂಡಳಿಯ ಕಾಗದವೂ ಇವೆಯೇ ಎಂದು ಕೇಳಿ ನೋಡಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಅವನೊಡನೆ ನೀವೂ ಹೋಗಿ ಬನ್ನಿ. ತಡವಾಯಿತೆಂದು ಸುಮ್ಮನಾಗಬೇಡಿ. ತಡವಾದ ಮಾತ್ರಕ್ಕೆ ಇಂಥ ಹಕ್ಕು ಅಳಿಯುವುದಿಲ್ಲವೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಆದರೆ ಹಿಂಬಾಕಿಯನ್ನು ಸಾಮಾನ್ಯವಾಗಿ ಮೂರು ವರ್ಷಗಳಿಗೆ ಮಿತಿಗೊಳಿಸಬೇಕೆಂದೂ ಹೇಳಿದೆ. ಕಳೆದ ಒಂದೊಂದು ವರ್ಷವೂ ಅವನ ಗಂಟಿನಿಂದ ಹೋಗುತ್ತದೆ.

ಅರ್ಜಿಯನ್ನು ನೀವೇ ಬರೆಯುವುದಾದರೆ, ಮೊದಲು ಅವನ ಮಾತನ್ನು ಕೇಳಿ, ಅವನು ಹೇಳಿದಂತೆಯೇ ಬರೆಯಿರಿ.